ಬಂದರಿಕೆಯ ಬೇಲಿಯನ್ನು ಬೀಜದಿಂದ ಬೆಳೆಸುವ ಕ್ರಮ

ಎಳ್ಳಮಾಸೆಯ ದಿನ ಚರಗ ಚೆಲ್ಲುವುದಕ್ಕಾಗಿ ಮನೆಮಂದಿಯೆಲ್ಲ ಹೊಲಕ್ಕೆ ಬರುವುದು ಮುಡಬಿ, ಬಸವಕಲ್ಯಾಣ, ಹುಮನಾಬಾದ ಪ್ರಾಂತದಲ್ಲಿ ಹಿಂದಿನಿಂದ ನಡೆದುಬಂದ ವಾಡಿಕೆಯು. ಆ ಕಾಲಕ್ಕೆ ಬಿಳಿಜೋಳವೂ ಕಡಲೆಯೂ ಕುಸುಬೆಯೂ ಹಸುರಾಗಿ ನಿಂತಿರುತ್ತವೆ. ಆದರೆ ಹೊಲದ ಅಂಚಿನ ಜಾಲಿಮುಳ್ಳಿನ ಬೇಲಿಯು ಆಗಲೇ ಗೆದ್ದಲು ಹಿಡಿದು ಅಲ್ಲಲ್ಲಿ ಕುಸಿದಿರುತ್ತದೆ. ಕುಸಿದ ಕಡೆಯಲ್ಲಿ ದನಗಳು ನುಗ್ಗುತ್ತವೆ. ದನಗಳು ನುಗ್ಗಿದ ಮೇಲೆ ಅಕ್ಕಪಕ್ಕದ ಒಕ್ಕಲಿಗರಲ್ಲಿ ಮಾತಿಗೆ ಮಾತು ಬೆಳೆದು, ನ್ಯಾಯವು ಊರ ಹಿರಿಯರ ಮುಂದೆ ಬರುತ್ತದೆ. ಬೇಸಿಗೆಯಲ್ಲಿ ಮತ್ತೆ ಮುಳ್ಳು ಕಡಿಯುವುದು, ಮತ್ತೆ ಬೇಲಿ ಹಾಕುವುದು, ಮತ್ತೆ ಗೆದ್ದಲಿಗೆ ಒಪ್ಪಿಸುವುದು. ಹೀಗೆ ವರ್ಷವರ್ಷವೂ ಆಳಿನ ಕೂಲಿಯೂ ಊರಿನ ಮರವೂ ವ್ಯರ್ಥವಾಗುತ್ತಿವೆ.

ಒಮ್ಮೆ ಬೆಳೆಸಿದರೆ ಬಹುಕಾಲ ನಿಲ್ಲುವ ಜೀವಂತ ಬೇಲಿಗೆ ತಕ್ಕ ಗಿಡಗಳಲ್ಲಿ ಬಂದರಿಕೆಯು ಒಂದು. ಇದನ್ನು ಕೆಲವು ಕಡೆ ಬಂದುರ್ಗಿಯೆಂದೂ ಹಂಗರಿಕೆಯೆಂದೂ ಕರೆಯುವರು. ತೆಲುಗರು ಬಂದೇಡು ಎನ್ನುವರು. ಚಿತ್ರದುರ್ಗ, ತುಮಕೂರು ಸೀಮೆಯ ಕುರುಚಲು ಗುಡ್ಡಗಳಲ್ಲಿ ಇದು ತಾನಾಗಿಯೇ ದಟ್ಟವಾಗಿ ಬೆಳೆದಿರುವುದನ್ನು ಕಾಣಬಹುದು. ಸಾಮಾನ್ಯವಾಗಿ ಆಳುದ್ದದಿಂದ ಎರಡಾಳುದ್ದದವರೆಗೆ ಏರುವ ಈ ಪೊದೆಯ ಎಲೆಗಳು ಉದ್ದವಾಗಿಯೂ ಕಿರಿದಾಗಿಯೂ ಇರುತ್ತವೆ. ಎಳೆಯ ಚಿಗುರನ್ನು ಮುಟ್ಟಿದರೆ ಬೆರಳಿಗೆ ಅಂಟು ಹತ್ತುತ್ತದೆ. ಈ ಅಂಟಿನ ಕಾರಣದಿಂದಲೇ ಆಡು ದನಗಳು ಬೇರೆ ಮೇವು ದೊರೆಯುವವರೆಗೆ ಇದಕ್ಕೆ ಬಾಯಿ ಹಾಕುವುದಿಲ್ಲ. ಮುಳ್ಳಿಲ್ಲದ ಗಿಡ ಬೇಲಿಗೆ ಹೇಗೆ ಬಂದೀತೆಂದು ಕೇಳುವವರಿಗೆ ಇದೇ ಉತ್ತರವು: ಮೇಯದ ಗಿಡವು ಒತ್ತಾಗಿ ಬೆಳೆದರೆ ಅದೇ ಗೋಡೆ.

ಇದರಲ್ಲಿ ಅಂದವೂ ಇದೆ. ಚಳಿಯ ದೇಶಗಳಲ್ಲಿ ಬೇಸಿಗೆಯು ಕಳೆದು ಶರತ್ಕಾಲ ಬಂದೊಡನೆ ಹಲವು ಪೊದೆಗಳ ಎಲೆಗಳು ಕೆಂಪಾಗಿ ಉದುರುವುವು. ಅಲ್ಲಿಯ ಜನರು ಆ ಬಣ್ಣಕ್ಕಾಗಿಯೇ ಅಂಥ ಗಿಡಗಳನ್ನು ತೋಟಗಳಲ್ಲಿ ಸಾಕುವರು. ನಮ್ಮ ಬಂದರಿಕೆಯು ಎಲೆಯುದುರಿಸುವ ಜಾತಿಯದಲ್ಲ, ವರ್ಷವಿಡೀ ಹಸುರಾಗಿರುತ್ತದೆ. ಆದರೆ ಚಳಿಗಾಲದಲ್ಲಿ ಗೊಂಚಲುಗೊಂಚಲಾಗಿ ಬಿಡುವ ಕಾಯಿಗಳಿಗೆ ಎರಡು ಮೂರು ತೆಳ್ಳನೆಯ ರೆಕ್ಕೆಗಳಿದ್ದು, ಅವು ಬಲಿಯುತ್ತ ಬಂದಂತೆ ಹಸುರಿನಿಂದ ಕೆಂಪಿಗೂ ನೇರಿಳೆಗೂ ತಿರುಗುತ್ತವೆ. ದೂರದಿಂದ ನೋಡಿದರೆ ಬೇಲಿಯೇ ಹೂಬಿಟ್ಟಂತೆ ತೋರುವುದು. ಎಲೆಯೇ ಕೆಂಪಾಗುವ ಒಂದು ತಳಿಯೂ ಇದೆ. ಅದು 19ನೆಯ ಶತಮಾನದ ಕೊನೆಯ ಹೊತ್ತಿಗೆ ನ್ಯೂಜಿಲೆಂಡಿನಲ್ಲಿ ವೈರಾವು ನದಿಯ ಬಳಿ ದೊರೆತದ್ದು. ಬಿಸಿಲೂ ಚಳಿಯೂ ಕೂಡಿದಾಗ ಅದರ ಎಲೆಗಳು ಕಡುನೇರಿಳೆಯಾಗುತ್ತವೆ, ನೆರಳಿನಲ್ಲಿ ಹಸುರಿಗೆ ಇಳಿಯುತ್ತವೆ. ಒಂದೇ ಜಾತಿಯ ಗಿಡವು ಸಮುದ್ರಗಳಾಚೆಯ ದೇಶಗಳಲ್ಲಿಯೂ ಬೆಳೆದಿರುವುದು ಆಶ್ಚರ್ಯವೇ ಸರಿ. ಆಸ್ಟ್ರೇಲಿಯಾದಲ್ಲಿ ನೆಲಸಲು ಬಂದ ಯೂರೋಪಿನವರು ಇದರ ಕಾಯಿಗಳನ್ನು ಬಿಯರ್ ತಯಾರಿಸುವುದಕ್ಕೂ ಬಳಸಿದರು. ಆ ಪ್ರಯೋಗವು ನಮ್ಮ ಒಕ್ಕಲಿಗರಿಗೆ ಬೇಕಾದದ್ದಲ್ಲ.

ಇಷ್ಟೆಲ್ಲ ಗುಣವುಳ್ಳ ಗಿಡವನ್ನು ಜನರು ಏಕೆ ಬೆಳೆಸುತ್ತಿಲ್ಲವೆಂದರೆ, ಬೀಜ ಹಾಕಿದವರಲ್ಲಿ ಬಹುಮಂದಿಗೆ ಬೀಜ ಹುಟ್ಟಲಿಲ್ಲ. ಕಾಯಿಯನ್ನು ಕೊಯ್ದು ಬೀಜ ಬಿಡಿಸಿ ಮಡಿಯಲ್ಲಿ ಚೆಲ್ಲಿ ನೀರು ಹಾಕುತ್ತಾರೆ. ತಿಂಗಳು ಕಳೆದರೂ ನಾಲ್ಕಾರು ಮೊಳಕೆಗಳ ಹೊರತು ಏನೂ ಕಾಣದು. ಬೀಜವೇ ಜೊಳ್ಳೆಂದು ಬಗೆದು ಮಡಿಯನ್ನು ಕೆಡಿಸಿಬಿಡುತ್ತಾರೆ. ಇದು ತಪ್ಪು ತಿಳಿವಳಿಕೆಯು. ಬಂದರಿಕೆಯ ಬೀಜವು ಸತ್ತಿರುವುದಿಲ್ಲ, ಮುಚ್ಚಿರುತ್ತದೆ. ಸಾಸಿವೆಗಿಂತ ಸ್ವಲ್ಪ ದೊಡ್ಡದಾದ ಆ ಕಪ್ಪು ಬೀಜದ ಸಿಪ್ಪೆಯು ನೀರು ಒಳಗಿಳಿಯದಷ್ಟು ಗಟ್ಟಿಯಾದದ್ದು. ನೀರಿಳಿಯದೆ ಬೀಜ ಉಬ್ಬದು, ಉಬ್ಬದೆ ಮೊಳೆಯದು. ಕಾಡಿನಲ್ಲಾದರೋ ಬಿಸಿಲಿನ ಕಾವು, ಬೆಂಕಿ ಮುಂತಾದವು ಈ ಸಿಪ್ಪೆಯನ್ನು ಸಡಿಲಿಸುತ್ತವೆ. ಆದಕಾರಣ ಅಲ್ಲಿ ಬೀಜಗಳು ಬೇರೆ ಬೇರೆ ವರ್ಷಗಳಲ್ಲಿ ಚೂರುಚೂರಾಗಿ ಹುಟ್ಟುತ್ತವೆ. ಬೇಲಿ ಹಾಕುವವನಿಗೆ ಅಷ್ಟು ತಾಳ್ಮೆಯಿಲ್ಲ. ಎಲ್ಲವೂ ಒಂದೇ ಸಲ ಹುಟ್ಟಬೇಕು.

ಉಪಾಯವು ಸುಲಭವಾದದ್ದು. ಕಾಯಿಗಳ ಬಣ್ಣವು ಮಾಸಿ ಒಣಹುಲ್ಲಿನಂತಾದಾಗ, ಅವು ಒಡೆಯುವುದಕ್ಕೆ ಮುಂಚೆಯೇ ಕೊಯ್ದು, ನೆರಳಿನಲ್ಲಿ ಬಟ್ಟೆಯ ಮೇಲೆ ಹರಡಿ ಒಣಗಿಸತಕ್ಕದ್ದು. ಕೆಂಪಾಗಿರುವಾಗಲೇ ಕೊಯ್ದರೆ ಬೀಜ ಬಲಿತಿರುವುದಿಲ್ಲ. ಬಣ್ಣಕ್ಕೆ ಮರುಳಾಗಿ ಕೊಯ್ಯುವುದೇ ಮೊದಲ ಹಾನಿ. ಒಣಗಿದ ಕಾಯಿಗಳನ್ನು ಅಂಗೈಯಲ್ಲಿ ತಿಕ್ಕಿ, ಮೊರದಲ್ಲಿ ಕೇರಿ, ಬೀಜವನ್ನು ಬೇರೆ ಮಾಡಬೇಕು. ಬಿತ್ತುವ ಹಿಂದಿನ ಸಂಜೆ ಬೀಜವನ್ನು ತೆಳ್ಳನೆಯ ಬಟ್ಟೆಯಲ್ಲಿ ಸಡಿಲವಾಗಿ ಗಂಟು ಕಟ್ಟಿ, ಕುದಿದ ನೀರನ್ನು ಒಲೆಯಿಂದ ಕೆಳಗಿಳಿಸಿಕೊಂಡು, ಅದರಲ್ಲಿ ಸುಮಾರು ಅರ್ಧ ನಿಮಿಷ ಅದ್ದಿ ತೆಗೆದು, ಒಡನೆಯೇ ತಣ್ಣೀರಿಗೆ ಹಾಕಿ ರಾತ್ರಿಯೆಲ್ಲ ಬಿಡಬೇಕು. ಒಲೆಯ ಮೇಲೆ ಬೀಜವನ್ನು ಬೇಯಿಸಬಾರದೆಂಬುದನ್ನು ಬೇರೆ ಹೇಳಬೇಕಾಗಿಲ್ಲವಾದರೂ, ಹೆಚ್ಚು ಹೊತ್ತು ಬಿಟ್ಟರೆ ಹೆಚ್ಚು ಒಳ್ಳೆಯದೆಂದು ಎಣಿಸುವವರು ಇದ್ದೇ ಇರುತ್ತಾರೆ. ಬೆಳಗ್ಗೆ ನೋಡಿದಾಗ ಉಬ್ಬಿದ ಬೀಜಗಳನ್ನು ಆರಿಸಿ ಅಂದೇ ಬಿತ್ತಬೇಕು. ಉಬ್ಬದೆ ಉಳಿದವನ್ನು ಎಸೆಯದೆ ಮತ್ತೊಮ್ಮೆ ಬಿಸಿನೀರಿಗೆ ಅದ್ದಬೇಕು.

ಹೇಳಿದ್ದನ್ನು ನಂಬದವರು ತಾವೇ ಪರೀಕ್ಷಿಸಬಹುದು. ಒಂದೇ ಗಿಡದ 100 ಬೀಜಗಳನ್ನೆಣಿಸಿ, 50ನ್ನು ಬಿಸಿನೀರಿಗೆ ಅದ್ದಿ, 50ನ್ನು ಹಾಗೆಯೇ, ಎರಡು ಕುಂಡಗಳಲ್ಲಿ ಬಿತ್ತಿ, ಒಂದೇ ಸಮನಾಗಿ ನೀರು ಹಾಕಿ, 21 ದಿನಗಳ ಮೇಲೆ ಮೊಳಕೆಗಳನ್ನು ಎಣಿಸಲಿ. ಊರ ಮುಖಂಡರು ಇಂಥ ಕುಂಡಗಳೆರಡನ್ನು ಶಾಲೆಯ ಜಗಲಿಯ ಮೇಲೆ ಇರಿಸಿದರೆ ಹತ್ತು ಭಾಷಣಗಳಿಗಿಂತ ಹೆಚ್ಚಿನ ಕೆಲಸವಾದೀತು.

ಸಸಿಮಡಿಗೆ ಮಣ್ಣು, ಮರಳು, ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಇವುಗಳನ್ನು ಸಮಭಾಗವಾಗಿ ಬೆರೆಸಬೇಕು. ಬೀಜದ ಮೇಲೆ ಕಾಲು ಅಂಗುಲಕ್ಕಿಂತ ಹೆಚ್ಚು ಮಣ್ಣು ಬೀಳಬಾರದು. ಸಣ್ಣ ತೂತಿನ ಝಾರಿಯಿಂದ ತೇವ ಆರದಂತೆ, ಆದರೆ ನೀರು ನಿಲ್ಲದಂತೆ ನೋಡಿಕೊಳ್ಳಬೇಕು. ಫೆಬ್ರುವರಿ ಕೊನೆಯಲ್ಲಿ ಬಿತ್ತಿದರೆ ಆರಿದ್ರೆಯ ಮಳೆಯ ಹೊತ್ತಿಗೆ ಸಸಿಗಳು ಗೇಣುದ್ದವಾಗಿ ನಾಟಿಗೆ ಒದಗುತ್ತವೆ. ಎರಡು ಮೂರು ಜೊತೆ ಎಲೆ ಬಂದಾಗ ಸಸಿಯನ್ನು ಚೀಲಕ್ಕೆ ವರ್ಗಾಯಿಸುವುದು ಮೇಲು. ಬರಿಯ ಬೇರಿನಿಂದ ಕಿತ್ತು ನೆಟ್ಟದ್ದು ಬಹಳ ಸಲ ಒಣಗುವುದು. ಕೆಂಪೆಲೆಯ ತಳಿಯ ಬೀಜ ಬಿತ್ತಿದವರು ಸಸಿಗಳೆಲ್ಲ ತಾಯಿಯ ಬಣ್ಣವನ್ನೇ ಹೊತ್ತು ಬರುವುವೆಂದು ನೆಚ್ಚಬಾರದು. ಹಸುರಾಗಿ ಉಳಿದವನ್ನು ಚೀಲದಲ್ಲಿರುವಾಗಲೇ ಆರಿಸಿ ಬೇರೆಯ ಬೇಲಿಗೆ ಕಳುಹಿಸಬೇಕು.

ನೆಲದ ವಿಷಯದಲ್ಲಿ ಎಚ್ಚರವಿರಲಿ. ಈ ತಾಲೂಕುಗಳಲ್ಲಿ ಮಸಾರಿಯೂ ಇದೆ, ಎರೆಯೂ ಇದೆ. ಬಂದರಿಕೆಯು ಗರಸು ಮಿಶ್ರಿತ ಮಸಾರಿಯಲ್ಲಿ, ಗೊಬ್ಬರವಿಲ್ಲದ ಬಡನೆಲದಲ್ಲಿಯೂ ಒಗ್ಗಿಕೊಳ್ಳುತ್ತದೆ. ಆದರೆ ಮಳೆಗಾಲದಲ್ಲಿ ನೀರು ನಿಲ್ಲುವ ಎರೆಯಲ್ಲಿ ಬೇರು ಕೊಳೆತು ಸಾಯುತ್ತದೆ. ಮುಡಬಿಯ ಕಡೆ ಎರೆಹೊಲವುಳ್ಳವರು ಎತ್ತರಿಸಿದ ಬದುವಿನ ಮೇಲೆ ಮಾತ್ರ ಇದನ್ನು ನೆಡತಕ್ಕದ್ದು. ಚೌಕವಾದ ಒಂದು ಎಕರೆ ಹೊಲದ ಸುತ್ತಳತೆಯು ಸುಮಾರು 835 ಅಡಿ. ಅಡಿಗೊಂದರಂತೆ ಒಂದು ಸಾಲಿಗೆ 835 ಸಸಿಗಳು ಬೇಕು. ಸಾಯುವವು, ಸೊರಗುವವು ಇವುಗಳನ್ನು ಎಣಿಸಿ 1,200 ಸಸಿಗಳನ್ನಾದರೂ ಸಿದ್ಧಪಡಿಸಬೇಕು. ದನ ಹೆಚ್ಚಾಗಿ ಓಡಾಡುವ ದಾರಿಯ ಬದಿಗೆ ಎರಡು ಸಾಲುಗಳನ್ನು, ಒಂದರ ಸಂದಿಗೆ ಮತ್ತೊಂದು ಬರುವಂತೆ ನೆಡುವುದು ಲೇಸು.

ಜಗಳ ತಪ್ಪಿಸುವುದಕ್ಕೆಂದು ಹಾಕಿದ ಬೇಲಿಯಿಂದಲೇ ಜಗಳ ಹುಟ್ಟಬಾರದು. ಬಾಂದುಕಲ್ಲುಗಳನ್ನು ಇಬ್ಬರು ಒಕ್ಕಲಿಗರೂ ಹಿರಿಯರ ಎದುರಿನಲ್ಲಿ ನೋಡಿಕೊಂಡು, ಹದ್ದಿನಿಂದ ಮೂರು ಅಡಿಯಾದರೂ ತನ್ನ ಹೊಲದ ಒಳಗೆ ಸಾಲು ಹಿಡಿಯಬೇಕು. ಗಿಡ ಬೆಳೆದ ಮೇಲೆ ಅದರ ನೆರಳೂ ಬೇರೂ ನೆರೆಯವನ ಬೆಳೆಯನ್ನು ಕುಗ್ಗಿಸುವುವು. ಆಗ ಆಡುವ ಮಾತಿಗಿಂತ ನೆಡುವಾಗ ಬಿಡುವ ಮೂರು ಅಡಿ ಅಗ್ಗ. ಬಾಂದುಕಲ್ಲು ಪೊದೆಯಲ್ಲಿ ಮುಚ್ಚಿಹೋಗದಂತೆ ಅದರ ಬಳಿ ಸಾಲನ್ನು ಕಡಿದು ಬಿಡತಕ್ಕದ್ದು.

ಗಿಡವು ಮೊಳಕಾಲೆತ್ತರ ಬಂದಾಗ ತುದಿಯನ್ನು ಚಿವುಟಿದರೆ ಬುಡದಿಂದಲೇ ಕವಲು ಒಡೆದು ಬೇಲಿ ಕೆಳಗೆ ಬತ್ತಲಾಗುವುದಿಲ್ಲ. ಹೀಗೆ ಮಾಡದವರ ಬೇಲಿಯು ಮೇಲೆ ತಲೆಯೂ ಕೆಳಗೆ ಬಾಗಿಲೂ ಆಗಿ ಆಡುಗಳಿಗೆ ದಾರಿ ಕೊಡುತ್ತದೆ. ಅನಂತರದ ಕತ್ತರಿಕೆಯನ್ನು ಕಾಯಿಗಳು ಉದುರಿದ ಮೇಲೆ, ಮುಂಗಾರಿನ ಮೊದಲಿಗೆ ಮಾಡಬೇಕು. ನವರಾತ್ರಿಯ ಹೊತ್ತಿಗೆ ಅಂದಕ್ಕಾಗಿ ಕತ್ತರಿಸಿದರೆ ಹೂಬಿಡುವ ತುದಿಗಳೇ ಹೋಗಿ, ಎಳ್ಳಮಾಸೆಗೆ ಬಣ್ಣವೇ ಇರದು. ಮತ್ತೊಂದು ಮಾತು: ಈ ಜಾತಿಯಲ್ಲಿ ಸಾಮಾನ್ಯವಾಗಿ ಗಂಡುಗಿಡವೂ ಹೆಣ್ಣುಗಿಡವೂ ಬೇರೆ ಬೇರೆ. ಕಾಯಿ ಬಿಡದ ಗಿಡವನ್ನು ಬಂಜೆಯೆಂದು ಕೀಳಬಾರದು; ಹೂವಿನ ಪುಡಿಯು ಗಾಳಿಯಲ್ಲಿ ಹಾರಿ ಹೆಣ್ಣುಗಿಡಕ್ಕೆ ತಲುಪುವುದು ಅಂಥ ಗಿಡಗಳಿಂದಲೇ. ಬೀಜಕ್ಕಾಗಿ ಹೆಚ್ಚು ಕೆಂಪೇರಿದ ಹೆಣ್ಣುಗಿಡಗಳಿಗೆ ಮೊದಲನೆಯ ಕಾಯಿಯ ವರ್ಷವೇ ದಾರ ಕಟ್ಟಿ ಗುರುತಿಡಬೇಕು. ಕಾಯಿ ಒಣಗಿದ ಮೇಲೆ ಯಾವುದು ಕೆಂಪಾಗಿತ್ತೆಂದು ಯಾರಿಗೂ ನೆನಪಿರುವುದಿಲ್ಲ.

ಅಂಟುಳ್ಳ ಈ ಎಲೆ ಕಡ್ಡಿಗಳು ಹಸಿಯಾಗಿರುವಾಗಲೂ ಬೆಂಕಿ ಹಿಡಿಯುತ್ತವೆ. ಆದಕಾರಣ ಬಣವೆ, ದನದ ಕೊಟ್ಟಿಗೆ, ಕಣ ಇವುಗಳ ಪಕ್ಕದಲ್ಲಿ ಬಂದರಿಕೆಯನ್ನು ನೆಡಬಾರದು. ಕತ್ತರಿಸಿದ ಕಡ್ಡಿಗಳನ್ನು ಬೇಲಿಯ ಬುಡದಲ್ಲಿ ರಾಶಿ ಹಾಕದೆ ಮನೆಗೆ ಒಯ್ದು ಒಲೆಗೆ ಬಳಸಬೇಕು. ದಪ್ಪಗಿನ ಕೊಂಬೆಯ ಕಟ್ಟಿಗೆಯು ಗಟ್ಟಿಯಾದದ್ದರಿಂದ ಕುಡಗೋಲಿನ ಹಿಡಿಗೂ ಬರುವುದು. ಮೊದಲ ಎರಡು ಬೇಸಿಗೆಗಳಲ್ಲಿ ಸತ್ತ ಸಸಿಗಳ ಜಾಗಕ್ಕೆ, ಉಳಿಸಿಕೊಂಡ ಚೀಲದ ಸಸಿಗಳನ್ನು ಮುಂದಿನ ಮಳೆಯಲ್ಲಿಯೇ ನೆಡತಕ್ಕದ್ದು. ಆ ತೆರಪನ್ನು ತುಂಬುವವರೆಗೆ ಹಳೆಯ ಜಾಲಿಮುಳ್ಳನ್ನು ಅಲ್ಲಲ್ಲಿ ಸಿಕ್ಕಿಸಿಡಬೇಕು.