ಅರೆತಲೆನೋವು: ಬರುವ ಮುನ್ನ ತಡೆಯುವ ಔಷಧಗಳು

ಚನ್ನಗಿರಿ ತಾಲ್ಲೂಕಿನ ಉಬ್ರಾಣಿಯ ಸುತ್ತಮುತ್ತ ಅಡಿಕೆಯ ಕೊಯ್ಲು ಆರಂಭವಾಯಿತೆಂದರೆ ಕೆಲಸಕ್ಕೆ ಹೊತ್ತುಗೊತ್ತು ಇರುವುದಿಲ್ಲ. ಸುಲಿಯುವುದು, ಬೇಯಿಸುವುದು, ಒಣಗಿಸುವುದು ಎಂದು ಊಟ ನಿದ್ರೆಗಳು ಏರುಪೇರಾಗುತ್ತವೆ. ಇಂಥ ಒಂದು ಮನೆಯ ಗೃಹಿಣಿಗೆ ಬಹುಕಾಲದಿಂದ ಅರೆತಲೆನೋವು ಇದೆಯೆಂದು ಭಾವಿಸೋಣ. ಮೊದಮೊದಲು ತಿಂಗಳಿಗೆ ಎರಡು ಬಾರಿ ಬರುತ್ತಿದ್ದ ನೋವಿಗೆ ಆಕೆ ಅಂಗಡಿಯಿಂದ ಗುಳಿಗೆ ತರಿಸಿ ನುಂಗುತ್ತಿದ್ದಳು. ಈಗ ವಾರಕ್ಕೆ ನಾಲ್ಕೈದು ದಿನ ನೋವು. ಅಷ್ಟು ದಿನವೂ ಗುಳಿಗೆ. ಔಷಧ ಹೆಚ್ಚಿದಂತೆ ನೋವು ತಗ್ಗಬೇಕಾಗಿತ್ತಲ್ಲವೆ? ಏರಿದ್ದೇಕೆ?

ಆಯುರ್ವೇದದ ‘ಅರ್ಧಾವಭೇದಕ’, ಪಾಶ್ಚಾತ್ಯರ ‘ಮೈಗ್ರೇನ್’ ಎರಡೂ ಅರ್ಧ ತಲೆಯ ನೋವನ್ನೇ ಸೂಚಿಸುವ ಹೆಸರುಗಳು. ನಾಡಿ ಬಡಿದಂತೆ ಮಿಡಿಯುವ ನೋವು, ವಾಕರಿಕೆ, ಬೆಳಕು ಸದ್ದುಗಳನ್ನು ಸಹಿಸಲಾಗದಿರುವುದು ಇದರ ಲಕ್ಷಣಗಳು. ಮುಖದ ಸಂವೇದನೆಗಳನ್ನು ಮಿದುಳಿಗೊಯ್ಯುವ ಟ್ರೈಜೆಮಿನಲ್ ನರದ ತಂತುಗಳು ಮಿದುಳಿನ ಹೊರಪೊರೆಗಳಲ್ಲಿಯೂ ಹರಡಿವೆ. ಇವು ಕೆರಳಿದಾಗ ಸಿ.ಜಿ.ಆರ್.ಪಿ. ಎಂಬ ರಾಸಾಯನಿಕವನ್ನು ಸ್ರವಿಸುತ್ತವೆ. ರಕ್ತನಾಳಗಳು ಹಿಗ್ಗಿ, ನೋವಿನ ಸಂಕೇತಗಳು ಬಲಗೊಳ್ಳುತ್ತವೆ. ಮೂರು ತಿಂಗಳಿಗೂ ಮೀರಿ, ತಿಂಗಳಿಗೆ 15 ಅಥವಾ ಹೆಚ್ಚು ದಿನ ತಲೆನೋವಿದ್ದು, ಅವುಗಳಲ್ಲಿ ಕನಿಷ್ಠ 8 ದಿನ ಮೈಗ್ರೇನಿನ ಸ್ವರೂಪ ಕಂಡರೆ ಅದು ದೀರ್ಘಕಾಲಿಕ ಮೈಗ್ರೇನ್.

ಇದು ವಿರಳವಾದ ವ್ಯಾಧಿಯಲ್ಲ. ಬೆಂಗಳೂರು ನಗರ ಮತ್ತು ಸುತ್ತಲಿನ ಹಳ್ಳಿಗಳ 2,329 ವಯಸ್ಕರನ್ನು ವಿಚಾರಿಸಿ ನಿಮ್ಹಾನ್ಸ್‌ನ ತಜ್ಞರೂ ಅವರ ಸಹವರ್ತಿಗಳೂ 2015ರಲ್ಲಿ ಪ್ರಕಟಿಸಿದ ಸಮೀಕ್ಷೆಯಂತೆ, ವರ್ಷವೊಂದರಲ್ಲಿ ನೂರಕ್ಕೆ ಸುಮಾರು 25 ಮಂದಿಗೆ ಮೈಗ್ರೇನ್ ಬಾಧಿಸಿತ್ತು. ಅದೂ ನಗರಕ್ಕಿಂತ ಹಳ್ಳಿಗಳಲ್ಲಿ, ಪುರುಷರಿಗಿಂತ ಸ್ತ್ರೀಯರಲ್ಲಿ ಅಧಿಕ. ಸುಮಾರು ಮೂವರಿಗೆ ತಿಂಗಳಲ್ಲಿ 15 ಅಥವಾ ಹೆಚ್ಚು ದಿನ ತಲೆನೋವಿತ್ತು.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಮೈಗ್ರೇನ್ ಉಳ್ಳವರು ಸಾಮಾನ್ಯ ನೋವುನಿವಾರಕಗಳನ್ನು ತಿಂಗಳಿಗೆ 15 ದಿನ, ಮಿಶ್ರ ಗುಳಿಗೆಗಳನ್ನು 10 ದಿನ ಮುಟ್ಟುವಷ್ಟು ಸೇವಿಸುತ್ತಾ ಹೋದರೆ, ಆ ಔಷಧಗಳೇ ಹೊಸ ತಲೆನೋವಿಗೆ ಕಾರಣವಾಗಬಲ್ಲವು. ನಮ್ಮ ಗೃಹಿಣಿ ಸಿಕ್ಕಿಕೊಂಡಿರುವುದು ಈ ಸುಳಿಯಲ್ಲಿ. ಅವಳಿಗೆ ಬೇಕಾದುದು ಬಂದ ನೋವನ್ನು ಅಡಗಿಸುವ ಔಷಧವಷ್ಟೇ ಅಲ್ಲ. ಬಾರದಂತೆ ತಡೆಯುವ ಔಷಧ.

ಇವೆರಡರ ಭೇದವನ್ನು ಇದೇ ತಾಲ್ಲೂಕಿನ ಸೂಳೆಕೆರೆಯ ದೃಷ್ಟಾಂತದಿಂದ ತಿಳಿಯಬಹುದು. ಕೆರೆ ಒಡೆದಾಗ ಮಣ್ಣು ಸುರಿಯುವುದು ಒಂದು ಕೆಲಸ. ಬಿಸಿಲು ಇರುವಾಗಲೇ ಏರಿಯನ್ನು ಬಲಪಡಿಸುವುದು ಇನ್ನೊಂದು. ನಿದ್ರಾಭಂಗ, ಉಪವಾಸ, ಬಿಸಿಲುಗಳೆಂಬ ಮಳೆ ಸುರಿಯುತ್ತಲೇ ಇರುತ್ತದೆ. ಪ್ರತಿಬಂಧಕ ಔಷಧವು ಏರಿಯನ್ನು ಎತ್ತರಿಸುತ್ತದೆ. ಆದುದರಿಂದಲೇ ಅದನ್ನು ನೋವಿಲ್ಲದ ದಿನವೂ ಸೇವಿಸಬೇಕು.

ಈ ವರ್ಗದ ಹಲವು ಔಷಧಗಳು ಬೇರೆ ರೋಗಗಳಿಗಾಗಿ ಹುಟ್ಟಿದವು. ಹೃದ್ರೋಗಕ್ಕೆಂದು ರೂಪಿಸಿದ ಪ್ರೊಪ್ರಾನೊಲಾಲ್ ಪಡೆದ ರೋಗಿಯೊಬ್ಬನ ಮೈಗ್ರೇನ್ ತಗ್ಗಿದುದನ್ನು ವೈದ್ಯರು 1966ರಲ್ಲಿ ದಾಖಲಿಸಿದರು. ಖಿನ್ನತೆಯ ಔಷಧ ಅಮಿಟ್ರಿಪ್ಟಿಲಿನ್, ಅಪಸ್ಮಾರದ ಔಷಧ ಟೋಪಿರಮೇಟ್ ಇವೂ ಬಳಕೆಗೆ ಬಂದವು. ದೀರ್ಘಕಾಲಿಕ ಮೈಗ್ರೇನಿಗೆ 12 ವಾರಗಳಿಗೊಮ್ಮೆ ತಲೆ ಕತ್ತುಗಳ ಸ್ನಾಯುಗಳಿಗೆ ಬೊಟುಲಿನಮ್ ವಿಷದ ಅತ್ಯಲ್ಪ ಪ್ರಮಾಣವನ್ನು ಚುಚ್ಚುವ ಚಿಕಿತ್ಸೆಗೆ 2010ರಲ್ಲಿ ಅಮೆರಿಕದಲ್ಲಿ ಸಮ್ಮತಿ ದೊರೆಯಿತು. ಮೈಗ್ರೇನಿಗಾಗಿಯೇ ರಚಿಸಿದ, ಸಿ.ಜಿ.ಆರ್.ಪಿ.ಯ ಕಾರ್ಯವನ್ನು ತಡೆಯುವ ಎರೆನುಮ್ಯಾಬ್ ಎಂಬ ಪ್ರತಿಕಾಯಕ್ಕೆ ಅಲ್ಲಿಯೇ 2018ರಲ್ಲಿ ಒಪ್ಪಿಗೆ ಸಿಕ್ಕಿತು.

ಇವನ್ನು ಸ್ವೇಚ್ಛೆಯಿಂದ ಸೇವಿಸುವುದು ಅಪಾಯಕರ. ಪ್ರೊಪ್ರಾನೊಲಾಲ್ ಉಬ್ಬಸವುಳ್ಳವರಿಗೆ ಸಲ್ಲದು. ಅಮಿಟ್ರಿಪ್ಟಿಲಿನ್ ಮಂಪರು ತರುತ್ತದೆ. ಟೋಪಿರಮೇಟ್ ಗರ್ಭಸ್ಥ ಶಿಶುವಿಗೆ ಹಾನಿಕರ. ವೈದ್ಯರು ಅಲ್ಪ ಪ್ರಮಾಣದಿಂದ ಆರಂಭಿಸಿ ಕ್ರಮೇಣ ಏರಿಸುತ್ತಾರೆ. ಗುಳಿಗೆಗಳ ಫಲವನ್ನು ನಿರ್ಣಯಿಸಲು ತಕ್ಕ ಪ್ರಮಾಣದಲ್ಲಿ ಎರಡು ಮೂರು ತಿಂಗಳು ಬೇಕು. ಹದಿನೈದು ದಿನಗಳಲ್ಲಿ ಗುಣ ಕಾಣಲಿಲ್ಲವೆಂದು ಬಿಟ್ಟುಬಿಡುವವರು ಏರಿಯನ್ನು ಅರ್ಧಕ್ಕೇ ನಿಲ್ಲಿಸಿದಂತೆ. ನೋವು ಪೂರ್ಣವಾಗಿ ಮಾಯವಾಗಬೇಕೆಂಬ ನಿರೀಕ್ಷೆಯೂ ಸರಿಯಲ್ಲ; ತಿಂಗಳಿನ ನೋವಿನ ದಿನಗಳು ಅರ್ಧಕ್ಕಿಳಿದರೆ ಅದು ಒಳ್ಳೆಯ ಫಲವೇ.

ಹಾಗಾದರೆ ಉಬ್ರಾಣಿಯ ಆ ಗೃಹಿಣಿ ಮಾಡಬೇಕಾದುದೇನು? ಗೋಡೆಯ ಪಂಚಾಂಗದಲ್ಲಿ ನೋವು ಬಂದ ದಿನಕ್ಕೊಂದು, ಗುಳಿಗೆ ನುಂಗಿದ ದಿನಕ್ಕೊಂದು ಗುರುತು ಹಾಕಿ, ಅದನ್ನು ವೈದ್ಯರಿಗೆ ತೋರಿಸಬೇಕು. ಓದು ಬಲ್ಲ ವಿದ್ಯಾರ್ಥಿಗಳು ಮನೆಯವರಿಗೆ ಈ ಲೆಕ್ಕವಿಡಲು ನೆರವಾಗಬಹುದು. ಅಂಗಡಿಯ ಗುಳಿಗೆಗಿಂತ ಆ ಹಾಳೆ ಹೆಚ್ಚು ಉಪಕಾರಿ.