ಮುಟ್ಟಿ ನೋಡದ ಮಾಲಿಗೆ ರೊಕ್ಕ

ಓದುಗರ ಪ್ರಶ್ನೆ, ತಜ್ಞರ ಉತ್ತರ: ಆನ್‌ಲೈನ್ ವ್ಯಾಪಾರ

ಪ್ರಶ್ನೆ: ನಾನು ಬಿ.ಕಾಂ. ವಿದ್ಯಾರ್ಥಿನಿ. ದೇಶದಲ್ಲಿ ಇಂಟರ್‌ನೆಟ್ 1995ರಲ್ಲೇ ಬಂತೆಂದು ಪಾಠದಲ್ಲಿದೆ. ನಮ್ಮೂರಿಗೆ ಪಾರ್ಸೆಲ್ ಬರತೊಡಗಿದ್ದು ಮೊನ್ನೆ ಮೊನ್ನೆ. ಇಷ್ಟು ತಡ ಏಕಾಯಿತು?
— ವಿದ್ಯಾರ್ಥಿನಿ, ರಾಮಥಾಳ

ಉತ್ತರ: 1995ರ ಆಗಸ್ಟ್ 15ರಂದು ಆಗಿನ ಸರ್ಕಾರಿ ಕಂಪನಿ ವಿಎಸ್‌ಎನ್‌ಎಲ್ ಜನಸಾಮಾನ್ಯರಿಗೆ ಇಂಟರ್‌ನೆಟ್ ಕೊಟ್ಟಿದ್ದು ನಿಜ. ಆದರೆ ಫೋನ್ ತಂತಿಯ ಮೇಲೆ ಕುಂಟುತ್ತ ಬರುವ ಸಂಪರ್ಕ ಅದು. 1999ರಲ್ಲಿ ಬೆಂಗಳೂರಿನಲ್ಲಿ ಫ್ಯಾಬ್‌ಮಾರ್ಟ್ ಎಂಬ ಆನ್‌ಲೈನ್ ಅಂಗಡಿ ಶುರುವಾದಾಗ ಕಂಪ್ಯೂಟರ್ ದಾಖಲೆಗೆ ಮಾನ್ಯತೆ ಕೊಡುವ ಕಾಯ್ದೆಯೇ ಇರಲಿಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆ ಜಾರಿಯಾದದ್ದು 2000ದ ಅಕ್ಟೋಬರ್ 17ರಂದು. ಬ್ಯಾಂಕ್ ಕಾರ್ಡ್ ಇದ್ದವರು ಕಡಿಮೆ, ಇದ್ದವರಿಗೂ ಅದರ ನಂಬರ್ ಒತ್ತಲು ಅಂಜಿಕೆ.

ಯಾವ ಮಾಲು ಮೊದಲು ಓಡಿತು ಎಂಬುದನ್ನು ಗಮನಿಸಿದರೆ ನಿಮ್ಮ ಪ್ರಶ್ನೆಗೆ ಉತ್ತರ ಸಿಗುತ್ತದೆ. ಫ್ಯಾಬ್‌ಮಾರ್ಟ್ ಹಾಡಿನ ಕ್ಯಾಸೆಟ್, ಸಿ.ಡಿ.ಗಳಿಂದ ಶುರುಮಾಡಿತು. 2002ರ ಆಗಸ್ಟ್‌ನಿಂದ ರೈಲ್ವೆಯ ಐಆರ್‌ಸಿಟಿಸಿ ಆನ್‌ಲೈನ್‌ನಲ್ಲಿ ರೈಲು ಟಿಕೆಟ್ ಮಾರಿತು; ಆರಂಭದಲ್ಲಿ ಟಿಕೆಟ್ ಕೊರಿಯರ್‌ನಲ್ಲಿ ಮನೆಗೆ ಬರುತ್ತಿತ್ತು. 2007ರ ಅಕ್ಟೋಬರ್‌ನಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಫ್ಲಿಪ್‌ಕಾರ್ಟ್ ಪುಸ್ತಕ ಹಿಡಿಯಿತು. ಹಾಡು, ಟಿಕೆಟ್, ಪುಸ್ತಕ: ಮೂರನ್ನೂ ಮುಟ್ಟಿ ನೋಡುವ ಅಗತ್ಯವಿಲ್ಲ, ಎಲ್ಲಿ ಕೊಂಡರೂ ಅದೇ ಮಾಲು. ಫ್ಲಿಪ್‌ಕಾರ್ಟ್‌ನ ಮೊದಲ ಪುಸ್ತಕ ಹೋದದ್ದು ಮಹಬೂಬ್‌ನಗರಕ್ಕೆ, ಮಹಾನಗರಕ್ಕಲ್ಲ. ಕೊಳ್ಳುವ ಆಸೆ ಸಣ್ಣ ಊರುಗಳಲ್ಲಿ ಆಗಲೂ ಇತ್ತು; ನಂಬಿ ರೊಕ್ಕ ಕೊಡುವ ದಾರಿ ಇರಲಿಲ್ಲ. ಮೊದಲು ಹೊರಟ ಫ್ಯಾಬ್‌ಮಾರ್ಟ್ ಮುಂದೆ ಇಂಡಿಯಾಪ್ಲಾಜಾ ಆಗಿ 2013ರಲ್ಲಿ ಮುಚ್ಚಿತು. ಅದರ ಸ್ಥಾಪಕರಲ್ಲಿ ಕೆಲವರು ಅಷ್ಟರಲ್ಲಾಗಲೇ, 2011ರಲ್ಲಿ, ಬಿಗ್‌ಬಾಸ್ಕೆಟ್ ಎಂಬ ಆನ್‌ಲೈನ್ ಕಿರಾಣಿ ಅಂಗಡಿ ಕಟ್ಟಿದ್ದರು.

ಪ್ರಶ್ನೆ: ನಾವು ಧಾರವಾಡದ ಪ್ರಕಾಶಕರಿಂದ ವಿ.ಪಿ.ಪಿ. ಮೂಲಕ ಪುಸ್ತಕ ತರಿಸುತ್ತಿದ್ದೆವು. ಈಗಿನ ‘ಕ್ಯಾಶ್ ಆನ್ ಡೆಲಿವರಿ’ ಅದೇ ತಾನೆ? ಹೊಸದೇನು ಬಂತು?
— ನಿವೃತ್ತ ಶಿಕ್ಷಕರು, ಬಾದಾಮಿ

ಉತ್ತರ: ಹೌದು ಗುರುಗಳೇ, ಬೇರು ಅದೇ. ನಮ್ಮ ಅಂಚೆ ಇಲಾಖೆ ವಿ.ಪಿ.ಪಿ. ಶುರುಮಾಡಿದ್ದು 1877ರಲ್ಲಿ. ಅಂಚೆಯಣ್ಣ ರೊಕ್ಕ ಇಸಿದುಕೊಂಡು ಕಟ್ಟು ಕೊಡುತ್ತಿದ್ದ, ಆ ರೊಕ್ಕ ಮನಿಯಾರ್ಡರಿನಲ್ಲಿ ಮಾರಿದವರಿಗೆ ಹೋಗುತ್ತಿತ್ತು. ಫ್ಲಿಪ್‌ಕಾರ್ಟ್ 2010ರಲ್ಲಿ ಇದೇ ಪದ್ಧತಿ ಹಿಡಿದಾಗ ವ್ಯಾಪಾರದ ದಿಕ್ಕೇ ಬದಲಾಯಿತು. ಅದಕ್ಕೊಂದು ಹಿನ್ನೆಲೆಯೂ ಇದೆ. 2009ರ ಆಗಸ್ಟ್‌ನಿಂದ ರಿಸರ್ವ್ ಬ್ಯಾಂಕ್ ಆನ್‌ಲೈನ್ ಕಾರ್ಡ್ ಪಾವತಿಗೆ ಇನ್ನೊಂದು ಪಾಸ್‌ವರ್ಡ್ ಕಡ್ಡಾಯ ಮಾಡಿತು. ಕಳ್ಳತನ ತಡೆಯಲು ಒಳ್ಳೆಯದೇ. ಆದರೆ ನಿಧಾನದ ನೆಟ್‌ನಲ್ಲಿ ಪಾವತಿ ಅರ್ಧಕ್ಕೇ ನಿಂತುಬಿಡುತ್ತಿತ್ತು. ಬಾಗಿಲಲ್ಲಿ ನಗದು ಎಂದರೆ ಆ ತಾಪತ್ರಯವೇ ಇಲ್ಲ.

ಹೊಸದೆಂದರೆ, ಒಗ್ಗದ ಮಾಲನ್ನು ವಾಪಸ್ ಮಾಡುವ ಸೌಲಭ್ಯ. ವಿ.ಪಿ.ಪಿ.ಯಲ್ಲಿ ರೊಕ್ಕ ಕೊಟ್ಟ ಮೇಲೆ ಬಿಚ್ಚಿದ ಕಟ್ಟು ನಿಮ್ಮದೇ. 2016ರಲ್ಲಿ ಯುಪಿಐ ಬಂದ ಮೇಲೆ ಬಾಗಿಲಲ್ಲಿ ನಗದಿನ ಬದಲು ಫೋನ್ ಹಿಡಿಯುತ್ತೇವೆ, ಅಷ್ಟೇ.

ಪ್ರಶ್ನೆ: ನನ್ನದು ಮೊಬೈಲ್ ಅಂಗಡಿ. ನನಗೆ ಹೋಲ್‌ಸೇಲಿನಲ್ಲಿ ಬೀಳುವ ದರಕ್ಕಿಂತ ಕಡಿಮೆಗೆ ಆನ್‌ಲೈನ್‌ನಲ್ಲಿ ಮಾರುತ್ತಾರೆ. ಇದು ಹೇಗೆ ಗಿಟ್ಟುತ್ತದೆ?
— ಅಂಗಡಿಕಾರರು, ಹುನಗುಂದ

ಉತ್ತರ: ಆರಂಭದ ವರ್ಷಗಳಲ್ಲಿ ಗಿಟ್ಟುತ್ತಲೇ ಇರಲಿಲ್ಲ. ನಷ್ಟ ತುಂಬುತ್ತಿದ್ದದ್ದು ಹೂಡಿಕೆದಾರರ ಹಣ. 2013ರ ಜೂನ್‌ನಲ್ಲಿ ಅಮೆಜಾನ್ ಇಲ್ಲಿಗೆ ಬಂದ ಮೇಲೆ ಪೈಪೋಟಿ ಬಿರುಸಾಯಿತು. 2014ರ ಅಕ್ಟೋಬರ್ 6ರ ಫ್ಲಿಪ್‌ಕಾರ್ಟ್ ಮಹಾ ಮಾರಾಟದ ದಿನ ನೂಕುನುಗ್ಗಲಿಗೆ ವ್ಯವಸ್ಥೆಯೇ ತಡವರಿಸಿ, ಸ್ಥಾಪಕರು ಗ್ರಾಹಕರ ಕ್ಷಮೆ ಕೇಳಬೇಕಾಯಿತು. 2018ರಲ್ಲಿ ವಾಲ್‌ಮಾರ್ಟ್ ಫ್ಲಿಪ್‌ಕಾರ್ಟ್‌ನ ಶೇ 77ರಷ್ಟು ಪಾಲನ್ನು 1,600 ಕೋಟಿ ಡಾಲರಿಗೆ ಕೊಂಡಿತು. ಅಷ್ಟು ವರ್ಷ ನಷ್ಟ ತಿಂದದ್ದು ಇಂಥ ದಿನಕ್ಕಾಗಿಯೇ.

ವಿದೇಶಿ ಬಂಡವಾಳದ ಆನ್‌ಲೈನ್ ಸಂತೆಗಳು ಮಾಲಿನ ದರವನ್ನು ನೇರವಾಗಿಯಾಗಲಿ, ಹಿಂಬಾಗಿಲಿನಿಂದಾಗಲಿ ಪ್ರಭಾವಿಸಬಾರದೆಂದು ಕೇಂದ್ರ ಸರ್ಕಾರ 2016ರಲ್ಲಿ ಹೇಳಿತು. 2019ರ ಫೆಬ್ರವರಿಯಿಂದ ನಿಯಮ ಮತ್ತಷ್ಟು ಬಿಗಿಯಾಯಿತು. ಆದರೂ ಹೊಸ ಫೋನಿನ ದರದಲ್ಲಿ ಅವರೊಡನೆ ಜಿದ್ದಿಗೆ ಬೀಳಬೇಡಿ. ರಿಪೇರಿ, ಬ್ಯಾಟರಿ, ಹಳೆಯ ಫೋನಿನ ಬದಲಾವಣೆ, ಗುರುತಿನವರಿಗೆ ಉದ್ರಿ: ನಿಮ್ಮ ಲಾಭ ಇರುವುದು ಇಲ್ಲಿ.

ಪ್ರಶ್ನೆ: ಹನಿ ನೀರಾವರಿ ಬಂದ ಮೇಲೆ ಉಳ್ಳಾಗಡ್ಡಿ, ಮೆಣಸಿನಕಾಯಿ ಹಾಕುತ್ತಿದ್ದೇವೆ. ಸೀರೆ, ಫೋನಿನ ಹಾಗೆ ಇದನ್ನೂ ಆನ್‌ಲೈನ್‌ನಲ್ಲಿ ಮಾರಬಹುದೇ?
— ರೈತರು, ರಾಮಥಾಳ

ಉತ್ತರ: ದಾರಿ ಇದೆ, ಅದೂ ನಮ್ಮ ರಾಜ್ಯವೇ ಮೊದಲು ಹಾಕಿದ ದಾರಿ. 2014ರಲ್ಲಿ ಕರ್ನಾಟಕದ ಎಪಿಎಂಸಿಗಳಿಗೆ ಏಕೀಕೃತ ಮಾರುಕಟ್ಟೆ ವೇದಿಕೆ ಬಂತು. ಕೇಂದ್ರದ ಇಂಥದೇ ವೇದಿಕೆ ಇ-ನಾಮ್ ಶುರುವಾದದ್ದು 2016ರ ಏಪ್ರಿಲ್ 14ರಂದು. ನಿಮ್ಮ ಮಾಲಿಗೆ ಲಾಟ್ ನಂಬರ್ ಬೀಳುತ್ತದೆ, ಖರೀದಿದಾರರು ಕಂಪ್ಯೂಟರಿನಲ್ಲೇ ದರ ಕೂಗುತ್ತಾರೆ. ತೊಡಕು ಒಂದೇ: ದೂರದ ವ್ಯಾಪಾರಿ ಗಡ್ಡೆಯ ಗಾತ್ರ, ಹಸಿ ಎಷ್ಟಿದೆ ಎಂಬುದನ್ನು ಕಣ್ಣಾರೆ ಕಾಣದೆ ಒಳ್ಳೆಯ ದರ ಬರೆಯುವುದಿಲ್ಲ. ಆದ್ದರಿಂದ ಹೊಲದಲ್ಲೇ ಗಾತ್ರದ ಪ್ರಕಾರ ವಿಂಗಡಿಸಿ, ಚೆನ್ನಾಗಿ ಒಣಗಿಸಿ ಒಯ್ಯಿರಿ. ಎಪಿಎಂಸಿಯಲ್ಲಿ ಗುಣಮಟ್ಟ ಪರೀಕ್ಷೆ ಇದ್ದರೆ ಮಾಡಿಸಿಯೇ ಲಾಟ್ ಹಚ್ಚಿಸಿ.

ಪ್ರಶ್ನೆ: ನಮ್ಮದು ಕೈಮಗ್ಗದ ಮನೆತನ. ಆನ್‌ಲೈನ್‌ನಲ್ಲಿ ವಿದ್ಯುತ್ ಮಗ್ಗದ ಸೀರೆಗೂ ‘ಇಳಕಲ್’ ಎಂದೇ ಬರೆದು ಅಗ್ಗಕ್ಕೆ ಮಾರುತ್ತಾರೆ. ನಮ್ಮದನ್ನು ಯಾರು ನಂಬುತ್ತಾರೆ?
— ಗೃಹಿಣಿ, ಇಳಕಲ್

ಉತ್ತರ: ಅಕ್ಕಾ, ನಿಮ್ಮ ಸೀರೆಯಲ್ಲೇ ಸಾಕ್ಷಿ ಇದೆ, ಅದನ್ನು ಫೋಟೊದಲ್ಲಿ ತೋರಿಸಿ. ಇಳಕಲ್ ಸೀರೆಯಲ್ಲಿ ಮೈಯ ಹಾಸು (ಉದ್ದದ ಎಳೆಗಳು) ಬೇರೆ, ಸೆರಗಿನ ರೇಷ್ಮೆ ಹಾಸು ಬೇರೆ. ಎರಡರ ಎಳೆಗಳನ್ನೂ ಒಂದೊಂದಾಗಿ ಕೊಂಡಿ ಹಾಕಿ ಕೂಡಿಸುತ್ತೀರಿ. ಹಾಸು ಒಂದೇ ಸೀರೆಯ ಅಳತೆಗೆ ಸಿದ್ಧವಾಗುತ್ತದೆ. ಒಂದೇ ಹಾಸಿನ ಮೇಲೆ ಸಾಲಾಗಿ ಸೀರೆ ಇಳಿಸುವ ಯಂತ್ರಕ್ಕೆ ಈ ಕೆಲಸ ಒಗ್ಗುವುದಿಲ್ಲ. ಮಾರುವವರು ಸಾಮಾನ್ಯವಾಗಿ ಮಡಿಸಿದ ಸೀರೆಯ ಅಂದವಾದ ಫೋಟೊ ಹಾಕುತ್ತಾರೆ. ನೀವು ಸೀರೆ ಬಿಚ್ಚಿ, ಸೆರಗೂ ಮೈಯೂ ಕೂಡುವ ಜಾಗವನ್ನು ಬೆಳಕಿಗೆ ಹಿಡಿದು ಹತ್ತಿರದಿಂದ ತೆಗೆಯಿರಿ, ಹಿಂಬದಿಯನ್ನೂ ತೋರಿಸಿ. ಕೊಂಡಿ ಕಟ್ಟುವ ಚಿಕ್ಕ ವಿಡಿಯೊ ಇದ್ದರೆ ಇನ್ನೂ ಚಲೋ. ಜೊತೆಗೆ ಭೌಗೋಳಿಕ ಸೂಚಕದ ಮಾನ್ಯತೆ, ಹ್ಯಾಂಡ್‌ಲೂಮ್ ಮಾರ್ಕ್ ಲೇಬಲ್‌ಗಳನ್ನು ಬಳಸಿಕೊಳ್ಳಿ.

ಲೆಕ್ಕವನ್ನೂ ಮೊದಲೇ ಹಾಕಿ. ಬಾಗಿಲಿಗೆ ಹೋದ ಪಾರ್ಸೆಲ್ ಬೇಡವೆಂದು ತಿರುಗಿ ಬಂದರೆ ಹೋಗುವ, ಬರುವ ಸಾಗಣೆಯ ಖರ್ಚು ನಿಮ್ಮ ತಲೆಗೆ ಬರಬಹುದು. ಆನ್‌ಲೈನ್ ಸಂತೆ ನಡೆಸುವವರ ಕರಾರಿನಲ್ಲಿ ಆ ಸಾಲನ್ನು ಓದದೆ ಸಹಿ ಹಾಕಬೇಡಿ. ರಾಜ್ಯದೊಳಗೇ ಮಾರುವ, ವರ್ಷಕ್ಕೆ 40 ಲಕ್ಷ ರೂಪಾಯಿ ವಹಿವಾಟು ದಾಟದ ಸಣ್ಣವರಿಗೆ 2023ರ ಅಕ್ಟೋಬರ್‌ನಿಂದ ಜಿಎಸ್‌ಟಿ ನೋಂದಣಿ ಇಲ್ಲದೆಯೂ ಇಂಥ ಸಂತೆಗಳಲ್ಲಿ ಮಾರಲು ಅವಕಾಶವಿದೆ. ಜಿಎಸ್‌ಟಿ ಪೋರ್ಟಲ್‌ನಲ್ಲಿ ದಾಖಲಾತಿ ಸಂಖ್ಯೆ ಪಡೆದರೆ ಸಾಕು. ಹೊರರಾಜ್ಯಕ್ಕೆ ಈ ಸಡಿಲಿಕೆ ಇಲ್ಲ.

ಆದ್ದರಿಂದ ಮೊದಲ ವರ್ಷ ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ಗಿರಾಕಿಗಳನ್ನು ಹಿಡಿಯಿರಿ. ರೇಷ್ಮೆ ಎಷ್ಟು, ಹತ್ತಿ ಎಷ್ಟು, ಉದ್ದ ಎಷ್ಟು, ರವಿಕೆ ಬಟ್ಟೆ ಇದೆಯೋ ಇಲ್ಲವೋ, ಎಲ್ಲವನ್ನೂ ಬಿಡಿಸಿ ಬರೆಯಿರಿ. ಒಮ್ಮೆ ಕೊಂಡವರು ಎರಡನೇ ಸೀರೆ ಕೇಳಿದಾಗಲೇ ವ್ಯಾಪಾರ ಕುದುರಿತೆಂದು ತಿಳಿಯಿರಿ. ಅಲ್ಲಿಯವರೆಗೆ ಹೊಸ ಮಗ್ಗಕ್ಕೆ ಸಾಲ ಮಾಡಬೇಡಿ.