ಸಾಕುಮೊಲದ ಮೈಗೆ ಬಣ್ಣ: ಒಂದು ವಿಚಾರ

ಶಶವೆಂದರೆ ಮೊಲ. ಚಂದ್ರಬಿಂಬದ ಕಲೆಯಲ್ಲಿ ಮೊಲದ ಆಕಾರವನ್ನು ಕಂಡ ಪ್ರಾಚೀನರು ಅವನನ್ನು ಶಶಾಂಕನೆಂದೂ ಶಶಿಯೆಂದೂ ಕರೆದರು. ಎಂದೆಂದಿಗೂ ಇಲ್ಲದ ವಸ್ತುವಿಗೆ ದೃಷ್ಟಾಂತ ಕೊಡಬೇಕಾದಾಗ ತಾರ್ಕಿಕರು ‘ಶಶವಿಷಾಣ’, ಎಂದರೆ ಮೊಲದ ಕೊಂಬು, ಎಂದರು. ಹೀಗೆ ಶಬ್ದಲೋಕದಲ್ಲಿ ಚಿರಪರಿಚಿತವಾದ ಈ ಪ್ರಾಣಿ ಇಂದು ಅನೇಕ ಮನೆಗಳಲ್ಲಿಯೂ ಕೆಲವು ಶಾಲೆಗಳ ಆವರಣದಲ್ಲಿಯೂ ಸಾಕುಪ್ರಾಣಿಯಾಗಿದೆ. ಅದರ ಹಾಲಿನಂಥ ಬಿಳಿಮೈಯನ್ನು ಕಂಡ ಮಕ್ಕಳಿಗೆ ಹಬ್ಬದಂದೋ ಪ್ರದರ್ಶನದ ದಿನವೋ ಗುಲಾಬಿ, ನೀಲಿ ಬಣ್ಣ ಹಚ್ಚಿ ನೋಡುವ ಆಸೆ ಹುಟ್ಟುವುದು ಸಹಜ. ಪಾಶ್ಚಾತ್ಯ ದೇಶಗಳಲ್ಲಿ ಈಸ್ಟರ್ ಹಬ್ಬದ ಕಾಲಕ್ಕೆ ಕೋಳಿಮರಿಗಳಿಗೂ ಮೊಲದ ಮರಿಗಳಿಗೂ ಬಣ್ಣ ಹಾಕಿ ಮಾರುವ ರೂಢಿ ಬೆಳೆದಿತ್ತು. ಅಮೆರಿಕದ ಹಲವು ರಾಜ್ಯಗಳು ಇದನ್ನು ಕಾಯಿದೆಯಿಂದ ನಿಷೇಧಿಸಿವೆ. ಈ ಆಸೆ ಮೊಲಕ್ಕೆ ನಿರಪಾಯವೇ ಎಂಬುದೇ ಇಲ್ಲಿ ವಿಚಾರಣೀಯ.

ಬಣ್ಣ ಹಚ್ಚಬಹುದೆನ್ನುವವರು ಮೂರು ಕಾರಣಗಳನ್ನು ಹೇಳುವುದುಂಟು. ಮನುಷ್ಯರು ತಲೆಗೂದಲಿಗೆ ಬಣ್ಣ ಹಚ್ಚಿಕೊಂಡೂ ಸುಖವಾಗಿರುವರು, ಎಂಬುದು ಮೊದಲನೆಯದು. ಕಾರಹುಣ್ಣಿಮೆಯಂದು ನಮ್ಮ ರೈತರು ಎತ್ತುಗಳಿಗೆ ಬಣ್ಣ ಬಳಿದು ಮೆರೆಸುವರು, ಎಂಬುದು ಎರಡನೆಯದು. ಅರಿಸಿನ, ಬೀಟ್‌ರೂಟ್ ಮುಂತಾದ ಸಸ್ಯಜನ್ಯ ಬಣ್ಣಗಳಲ್ಲಿ ವಿಷವಿಲ್ಲ, ಎಂಬುದು ಮೂರನೆಯದು. ಇವುಗಳನ್ನು ಒಂದೊಂದಾಗಿ ಪರಿಶೀಲಿಸಬೇಕು.

ಮನುಷ್ಯನು ತನ್ನ ತಲೆಯನ್ನು ತಾನು ನೆಕ್ಕುವುದಿಲ್ಲ. ಮೊಲವಾದರೋ ಬೆಕ್ಕಿನಂತೆ ದಿನದಲ್ಲಿ ಹಲವು ಬಾರಿ ಮೈಯೆಲ್ಲವನ್ನೂ ನಾಲಗೆಯಿಂದ ನೆಕ್ಕಿ ಶುಚಿಮಾಡಿಕೊಳ್ಳುವ ಪ್ರಾಣಿ. ಆದುದರಿಂದ ಅದರ ರೋಮಕ್ಕೆ ಹಚ್ಚಿದುದೆಲ್ಲವೂ ಬಾಯಿಗೆ ಹಾಕಿದುದಕ್ಕೆ ಸಮಾನ. ಬೇಡವಾದುದನ್ನು ಬೆಕ್ಕು ವಾಂತಿ ಮಾಡಿ ಹೊರಹಾಕಬಲ್ಲುದು. ಮೊಲಕ್ಕೆ ವಾಂತಿ ಮಾಡುವ ಶಕ್ತಿಯೇ ಇಲ್ಲ. ತಲೆಗೂದಲಿನ ಅನೇಕ ಬಣ್ಣಗಳಲ್ಲಿ ಪ್ಯಾರಾಫಿನೈಲೀನ್‌ಡೈಅಮೀನ್ ಎಂಬ ದ್ರವ್ಯವೂ, ಅಮೋನಿಯ, ಹೈಡ್ರೋಜನ್ ಪೆರಾಕ್ಸೈಡ್‌ಗಳೂ ಇರುತ್ತವೆ. ಮೊದಲನೆಯದನ್ನು ನುಂಗಿದ ಮನುಷ್ಯರಲ್ಲಿಯೇ ಗಂಟಲು ಬಾತು ಉಸಿರು ಕಟ್ಟುವುದೂ ಮೂತ್ರಪಿಂಡಗಳು ಕೆಡುವುದೂ ವೈದ್ಯರಿಗೆ ತಿಳಿದ ವಿಷಯ. ಎರಡು ಮೂರು ಕಿಲೋ ತೂಕದ ಮೊಲದ ಪಾಡನ್ನು ಬೇರೆ ಹೇಳಬೇಕಾಗಿಲ್ಲ. ನಾಯಿಗಳ ಉಣ್ಣೆ, ಚಿಗಟಗಳ ನಿವಾರಣೆಗೆ ಮೈಮೇಲೆ ಹಾಕುವ ಫಿಪ್ರೋನಿಲ್ ಎಂಬ ಔಷಧವು ಮೊಲಕ್ಕೆ ಪ್ರಾಣಾಂತಕವಾಗಬಲ್ಲುದೆಂದು ಪಶುವೈದ್ಯರು ಎಚ್ಚರಿಸುವರು. ಒಂದು ಪ್ರಾಣಿಯ ಮೈಗೆ ಸಲ್ಲುವುದು ಇನ್ನೊಂದಕ್ಕೆ ಸಲ್ಲುವುದೆಂಬ ನಿಯಮವಿಲ್ಲ.

ಎತ್ತಿನ ದೃಷ್ಟಾಂತವೂ ಇಲ್ಲಿ ಹೊಂದುವುದಿಲ್ಲ. ಕಾರಹುಣ್ಣಿಮೆಯಲ್ಲಿ ಹುರಮಂಜನ್ನೋ ಬಣ್ಣವನ್ನೋ ಬಳಿಯುವುದು ಮುಖ್ಯವಾಗಿ ಕೊಂಬಿಗೆ. ಕೊಂಬಿನ ಹೊರಚಿಪ್ಪು ಉಗುರಿನಂತೆ ನಿರ್ಜೀವವಾದುದು. ಎತ್ತು ತನ್ನ ಕೊಂಬನ್ನು ತಾನು ನೆಕ್ಕಲಾರದು. ಅದರ ದೇಹವೂ ನೂರಾರು ಕಿಲೋ ತೂಕದ್ದು. ಮೊಲಕ್ಕೆ ಕೊಂಬಿಲ್ಲವೆಂಬುದು ತರ್ಕಶಾಸ್ತ್ರಕ್ಕೂ ಸಮ್ಮತವಾದ ಮಾತು. ಅದಕ್ಕೆ ಬಳಿದ ಬಣ್ಣ ಬೀಳುವುದು ತೆಳುವಾದ ಚರ್ಮದ ಮೇಲಣ ರೋಮಕ್ಕೇ ಹೊರತು ಬೇರೆಡೆಗಲ್ಲ.

ಇನ್ನು ಸಸ್ಯಜನ್ಯ ಬಣ್ಣದ ಮಾತು. ವಿಷವಿಲ್ಲದ ಬಣ್ಣವೆಂದರೆ ಅಪಾಯವಿಲ್ಲದ ಬಣ್ಣವೆಂದು ಅರ್ಥವಲ್ಲ. ಬಣ್ಣ ಹಿಡಿಯಬೇಕಾದರೆ ಮೈ ನೆನೆಯಬೇಕು. ಮೊಲದ ದಟ್ಟವಾದ ತುಪ್ಪುಳು ಒಮ್ಮೆ ತೊಯ್ದರೆ ಬೇಗ ಒಣಗುವುದಿಲ್ಲ. ಮೈಯ ಶಾಖ ಇಳಿದು ಪ್ರಾಣಿ ಕುಸಿಯುವ ಸಂಭವವುಂಟು. ಬಣ್ಣ ಹಚ್ಚಲು ಅದನ್ನು ಬಿಗಿಯಾಗಿ ಹಿಡಿಯಲೂ ಬೇಕು. ಬೆಕ್ಕಿನ ಅಸ್ಥಿಪಂಜರ ಮೈತೂಕದ ಶೇಕಡ ೧೨-೧೩ರಷ್ಟಿದ್ದರೆ ಮೊಲದ್ದು ಶೇಕಡ ೭-೮ ಮಾತ್ರ. ಆದರೆ ಹಿಂಗಾಲಿನ ಸ್ನಾಯುಗಳು ಬಹು ಬಲವಾದುವು. ಭಯದಿಂದ ಒದೆದಾಗ ತನ್ನ ಬೆನ್ನುಮೂಳೆಯನ್ನು ತಾನೇ ಮುರಿದುಕೊಳ್ಳುವುದುಂಟು. ಒಣಪುಡಿಯಾದರೆ ಆಗಬಹುದೇ ಎಂದರೆ, ಮೊಲ ಮೂಗಿನಿಂದಲೇ ಉಸಿರಾಡುವ ಪ್ರಾಣಿ; ಪುಡಿ ಶ್ವಾಸನಾಳವನ್ನು ಸೇರುತ್ತದೆ. ಇವೆಲ್ಲಕ್ಕೂ ಮಿಗಿಲಾದುದು ಕರುಳಿನ ವಿಷಯ. ಮೊಲದ ದೊಡ್ಡ ಕರುಳಿನ ಮೊದಲಲ್ಲಿರುವ ಹಿರಿಯ ಚೀಲದಲ್ಲಿ ಸೂಕ್ಷ್ಮಜೀವಿಗಳು ಹುಲ್ಲನ್ನು ಹುದುಗಿಸಿ ಆಹಾರವಾಗಿಸುತ್ತವೆ. ಭಯದಿಂದಲೋ ಅಪಥ್ಯದಿಂದಲೋ ಈ ವ್ಯವಸ್ಥೆ ಕೆಟ್ಟರೆ ಕರುಳಿನ ಚಲನೆ ನಿಲ್ಲುತ್ತದೆ. ಚಿಕಿತ್ಸೆ ತಡವಾದರೆ ಮೊಲ ಬದುಕುವುದು ಕಷ್ಟ. ಬೇಟೆಗೆ ಗುರಿಯಾಗುವ ಪ್ರಾಣಿಯಾದುದರಿಂದ ಅದು ನೋವನ್ನು ಮರೆಮಾಚುತ್ತದೆ. ಅರಚುವುದಿಲ್ಲ, ಮುದುಡಿ ಕುಳಿತಿರುತ್ತದೆ. ಸುಮ್ಮನಿದೆ ಎಂದು ಮಕ್ಕಳು ನಲಿಯುವಾಗಲೇ ಅದು ಸಂಕಟದಲ್ಲಿರಬಹುದು.

ಪ್ರಕೃತಿಯೇ ಮೊಲಕ್ಕೆ ಬಣ್ಣ ಕೊಡುವ ಬಗೆ ಬೇರೆ. ಹಿಮಾಲಯನ್ ಎಂಬ ತಳಿಯ ಮೊಲದ ಮೈಯೆಲ್ಲ ಬಿಳಿದು. ಕಿವಿ, ಮೂಗು, ಬಾಲ, ಪಾದಗಳು ಮಾತ್ರ ಕಪ್ಪು. ಬಣ್ಣವನ್ನು ಹುಟ್ಟಿಸುವ ಕಿಣ್ವವು ಮೈಯ ತಂಪಾದ ಭಾಗಗಳಲ್ಲಿ ಮಾತ್ರ ಕೆಲಸ ಮಾಡುವುದೇ ಇದಕ್ಕೆ ಕಾರಣ. ಬೆನ್ನಿನ ರೋಮವನ್ನು ಬೋಳಿಸಿ ಅಲ್ಲಿ ತಂಪನ್ನು ಉಳಿಸಿದರೆ ಹೊಸ ರೋಮ ಕಪ್ಪಾಗಿ ಬೆಳೆಯುವುದನ್ನು ವಿಜ್ಞಾನಿಗಳು ತೋರಿಸಿದ್ದಾರೆ. ಅಂಗೋರಾ ಮೊಲದ ಉಣ್ಣೆಗೂ ಬಣ್ಣ ಹಾಕುವರು; ಆದರೆ ಕತ್ತರಿಸಿ ತೆಗೆದ ಉಣ್ಣೆಗೆ, ಜೀವಂತ ಮೈಗಲ್ಲ. ಹಿಮಾಚಲ ಪ್ರದೇಶದ ಕುಲ್ಲು ಪ್ರಾಂತದಲ್ಲಿ ಈ ಮೊಲಗಳನ್ನು ಉಣ್ಣೆಗಾಗಿ ಸಾಕುತ್ತಾರೆ.

ಇಲ್ಲಿ ಒಂದು ಹಿಂದಿನ ಸಂಗತಿಯನ್ನು ನೆನೆಯಬೇಕು. ೧೯೪೪ರಲ್ಲಿ ಅಮೆರಿಕದ ಜಾನ್ ಡ್ರೇಜ್ ಮತ್ತು ಸಂಗಡಿಗರು ಪ್ರಕಟಿಸಿದ ಪರೀಕ್ಷಾವಿಧಾನದಲ್ಲಿ ರಾಸಾಯನಿಕಗಳನ್ನು ಬಿಳಿಮೊಲದ ಕಣ್ಣಿಗೂ ಬೋಳಿಸಿದ ಚರ್ಮಕ್ಕೂ ಹಾಕಿ ಉರಿಯೂತವನ್ನು ಅಳೆಯುತ್ತಿದ್ದರು. ಮನುಷ್ಯರ ಪ್ರಸಾಧನ ಸಾಮಗ್ರಿಗಾಗಿ ಅಸಂಖ್ಯಾತ ಮೊಲಗಳು ಈ ಯಾತನೆಯನ್ನು ಅನುಭವಿಸಿದುವು. ಭಾರತವು ೨೦೧೪ರಲ್ಲಿ ಪ್ರಸಾಧನಗಳಿಗಾಗಿ ಪ್ರಾಣಿಗಳ ಮೇಲೆ ಪರೀಕ್ಷೆ ನಡೆಸುವುದನ್ನು ನಿಷೇಧಿಸಿತು. ಪ್ರಯೋಗಶಾಲೆಯಲ್ಲಿ ಕಾನೂನು ನಿಲ್ಲಿಸಿದುದನ್ನು ಮನೆಯಂಗಳದಲ್ಲಿ ವಿನೋದಕ್ಕಾಗಿ ನಡೆಸುವುದು ಉಚಿತವೆನಿಸದು.

ಹೋಳಿಯ ಓಕುಳಿಯಲ್ಲಿ ಅಕಸ್ಮಾತ್ತಾಗಿ ಮೊಲಕ್ಕೆ ಬಣ್ಣ ತಗುಲಿದರೆ ಏನು ಮಾಡಬೇಕು? ನೀರಿನಲ್ಲಿ ಮುಳುಗಿಸಿ ತೊಳೆಯಬಾರದು. ಸಾಬೂನು, ಸೀಮೆಎಣ್ಣೆ ಮುಟ್ಟಿಸಬಾರದು. ಒಣಪುಡಿಯನ್ನು ಮೂಗು ಕಣ್ಣುಗಳ ಕಡೆಗೆ ಹಾರದಂತೆ ಮೆತ್ತನೆಯ ಬಟ್ಟೆಯಿಂದ ಮೆಲ್ಲಗೆ ಒರಸಬೇಕು. ಹಸಿಬಣ್ಣವಾದರೆ ಆ ಜಾಗವನ್ನು ಮಾತ್ರ ಉಗುರುಬೆಚ್ಚಗಿನ ನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಒರಸಿ, ಒಣಬಟ್ಟೆಯಿಂದ ತೇವ ಹೀರಿ, ಗಾಳಿ ಬೀಸದ ಬೆಚ್ಚನೆಯ ಸ್ಥಳದಲ್ಲಿಡಬೇಕು. ಹುಲ್ಲು ತಿನ್ನುತ್ತಿದೆಯೇ, ಹಿಕ್ಕೆ ಹಾಕುತ್ತಿದೆಯೇ ಎಂದು ಗಮನಿಸುತ್ತಿರಬೇಕು. ರಾಸಾಯನಿಕ ಬಣ್ಣವಾಗಿದ್ದರೆ ಕೂಡಲೇ ಪಶುವೈದ್ಯರಲ್ಲಿಗೆ ಒಯ್ಯಬೇಕು. ಯಾವ ಬಣ್ಣವೇ ಆಗಿರಲಿ, ೧೦-೧೨ ಗಂಟೆ ಆಹಾರ ಮುಟ್ಟದಿದ್ದರೆ ಮರುದಿನಕ್ಕೆಂದು ಕಾಯಬಾರದು.

ಆದುದರಿಂದ ಸಿದ್ಧಾಂತವಿಷ್ಟು: ಸಾಕುಮೊಲದ ಮೈಗೆ ಬಣ್ಣ ಹಚ್ಚುವುದು ಸುರಕ್ಷಿತವಲ್ಲ, ಬಣ್ಣದ ಜಾತಿ ಬದಲಾದಂತೆ ಅಪಾಯದ ಪ್ರಮಾಣ ಬದಲಾಗಬಹುದೇ ಹೊರತು ಅಪಾಯ ಇಲ್ಲವಾಗುವುದಿಲ್ಲ. ಮಕ್ಕಳ ವರ್ಣಾಭಿಲಾಷೆಯನ್ನು ಅಧ್ಯಾಪಕರು ಗದರಿ ಅಡಗಿಸಬೇಕಾದುದೂ ಇಲ್ಲ. ಬಿಳಿಹಾಳೆಯ ಮೇಲೆ ಮೊಲದ ಚಿತ್ರ ಬರೆಯಿಸಿ ಬೇಕಾದ ಬಣ್ಣ ತುಂಬಿಸಲಿ. ಜೀವಂತ ಮೊಲದ ಮುಂದೆ ಒಂದು ಹಿಡಿ ಹುಲ್ಲನ್ನಿಟ್ಟು, ದೂರ ಕುಳಿತು ಅದು ಮೈ ಶುಚಿಮಾಡಿಕೊಳ್ಳುವ ರೀತಿಯನ್ನು ನೋಡಲು ಕಲಿಸಲಿ. ಆ ನಾಲಗೆಯ ಕೆಲಸವನ್ನು ಕಣ್ಣಾರೆ ಕಂಡ ಬಾಲಕನು ಮುಂದೆಂದೂ ಅದರ ಮೈಗೆ ಬಣ್ಣ ಹಚ್ಚಲಾರನು.